ದುಡಿಮೆಯೂ ಚಟವಾದಾಗ

ಅಮೆರಿಕದ ಲೂಯಿವಿಲ್ ನಗರದಲ್ಲಿ ವೇಯ್ನ್ ಓಟ್ಸ್ ಎಂಬ ಪ್ರಾಧ್ಯಾಪಕರಿದ್ದರು. ಬ್ಯಾಪ್ಟಿಸ್ಟ್ ಪಂಥದ ಬೋಧಕರಾಗಿದ್ದ ಅವರು ಅಲ್ಲಿಯ ದೈವಶಾಸ್ತ್ರ ವಿದ್ಯಾಲಯವೊಂದರಲ್ಲಿ ಧರ್ಮದ ಮನಶ್ಶಾಸ್ತ್ರವನ್ನು ಕಲಿಸುತ್ತಿದ್ದರು. ನೊಂದವರ ಮಾತನ್ನು ಆಲಿಸುವುದು ಹೇಗೆ, ಅವರಿಗೆ ಸಾಂತ್ವನ ಹೇಳುವುದು ಹೇಗೆ ಎಂಬುದೇ ಅವರ ವಿಷಯ. ಅಂಥವರ ಐದು ವರ್ಷದ ಮಗ ಒಮ್ಮೆ, ಅಪ್ಪನನ್ನು ಕಾಣಲು ತನಗೊಂದು ಸಮಯ ಗೊತ್ತುಮಾಡಿಕೊಡಿ ಎಂದು ಕೇಳಿದನಂತೆ. ಹೊರಗಿನವರು ಅಧಿಕಾರಿಯನ್ನು ಕಾಣಲು ಕೇಳಿಕೊಳ್ಳುವ ಹಾಗೆ!

ಆ ಮಾತು ತಂದೆಯ ಕಣ್ಣು ತೆರೆಯಿಸಿತು. ಕುಡುಕನಿಗೆ ಮದ್ಯವಿಲ್ಲದೆ ಇರಲಾಗದಂತೆ ತನಗೆ ಕೆಲಸವಿಲ್ಲದೆ ಇರಲಾಗುತ್ತಿಲ್ಲ ಎಂದು ಅವರಿಗೆ ಮನವರಿಕೆಯಾಯಿತು. 'ಆಲ್ಕೊಹಾಲಿಕ್' ಎಂಬ ಪದವನ್ನೇ ತಿರುಗಿಸಿ, 1968ರ ಒಂದು ಲೇಖನದಲ್ಲಿ ತಮ್ಮನ್ನು ತಾವೇ 'ವರ್ಕಹಾಲಿಕ್' ಎಂದು ಕರೆದುಕೊಂಡರು. 1971ರಲ್ಲಿ ಅದೇ ವಿಷಯವಾಗಿ ಒಂದು ಪುಸ್ತಕವನ್ನೂ ಬರೆದರು. ಇಂದು ಜಗತ್ತೆಲ್ಲ ಬಳಸುವ ಈ ಪದ ಪ್ರಚಾರಕ್ಕೆ ಬಂದದ್ದು ಒಬ್ಬ ಅಧ್ಯಾಪಕನ ಮನೆಯಿಂದ ಎಂಬುದನ್ನು ನಾವು ಗಮನಿಸಬೇಕು.

ನಮ್ಮ ಧರ್ಮಕೇಂದ್ರಗಳಲ್ಲಿ ಕಾಲೇಜು, ವಿಶ್ವವಿದ್ಯಾನಿಲಯಗಳಲ್ಲಿ ಪಾಠ ಹೇಳುವವರು ಅನೇಕರಿದ್ದಾರೆ. ಅವರ ತಂದೆತಾಯಿಯರನ್ನು ಮಾತನಾಡಿಸಿ ನೋಡಿ: "ನಮ್ಮ ಮಗನಿಗೆ ಪುರುಸೊತ್ತೇ ಇಲ್ಲ, ಭಾನುವಾರವೂ ಬರೆಯುತ್ತಲೇ ಇರುತ್ತಾನೆ" ಎಂದು ಅಭಿಮಾನದಿಂದ ಹೇಳುತ್ತಾರೆ. ಮಗ ಕುಡಿಯುತ್ತಾನೆ ಎಂದರೆ ತಲೆ ತಗ್ಗಿಸುವ ನಾವು, ಮಗ ಹಗಲಿರುಳೆನ್ನದೆ ದುಡಿಯುತ್ತಾನೆ ಎಂದರೆ ತಲೆ ಎತ್ತುತ್ತೇವೆ. ಪಾಪನಿವೇದನೆಗೆ ಹೋದಾಗ ಸೋಮಾರಿತನವನ್ನು ಹೇಳಿಕೊಳ್ಳಬೇಕೆಂದು ಚಿಕ್ಕಂದಿನಲ್ಲೇ ಕಲಿತಿದ್ದೇವೆ. ಅತಿಯಾಗಿ ದುಡಿದದ್ದನ್ನು ಹೇಳಿಕೊಳ್ಳಬೇಕೆಂದು ನಮಗೆ ತೋಚುವುದೇ ಇಲ್ಲ. ಹಾಗಾದರೆ ಎಡೆಬಿಡದ ದುಡಿಮೆ ಸದ್ಗುಣವೋ ದೋಷವೋ? ಈ ಪ್ರಶ್ನೆಯನ್ನು ವಿದ್ಯಾವಂತರ ಮನೆಗಳಲ್ಲಿ ಕೇಳಲೇಬೇಕಾದ ಕಾಲ ಬಂದಿದೆ.

ಶ್ರಮ ಬೇರೆ, ಚಟ ಬೇರೆ

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಹೆಚ್ಚು ಹೊತ್ತು ದುಡಿಯುವವರೆಲ್ಲರೂ ದುಡಿಮೆಯ ಚಟಕ್ಕೆ ಬಿದ್ದವರಲ್ಲ. ನಮ್ಮ ರಾಜ್ಯದ ಸರಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರಿದ್ದಾರೆ. ಕೆಲಸ ಕಾಯಂ ಅಲ್ಲ, ಮುಂದಿನ ವರ್ಷದ ಭರವಸೆಯಿಲ್ಲ. ಸಂಸಾರ ಸಾಗಿಸಲೆಂದು ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಪಾಠ ಹೇಳುವವರಿಗೆ "ವಿಶ್ರಾಂತಿ ತೆಗೆದುಕೊಳ್ಳಿ" ಎಂದು ಉಪದೇಶ ಮಾಡುವುದು ಕ್ರೌರ್ಯವಾದೀತು. ಅವರದು ನಿರುಪಾಯ. ಅಲ್ಲಿ ದೋಷವೇನಾದರೂ ಇದ್ದರೆ ಅದು ನ್ಯಾಯವಾದ ಸಂಬಳ ಕೊಡದ ವ್ಯವಸ್ಥೆಯದು.

ನಾವಿಲ್ಲಿ ಹೇಳುತ್ತಿರುವುದು ಬೇರೆ ಸ್ಥಿತಿ. ಕೆಲಸ ಕಾಯಂ ಆಗಿದೆ, ಸಂಬಳ ತಿಂಗಳು ತಿಂಗಳು ಬರುತ್ತಿದೆ. ಉತ್ತರಪತ್ರಿಕೆಗಳ ಮೌಲ್ಯಮಾಪನ ಮುಗಿದಿದೆ. ಆದರೂ ಕೈ ಕಟ್ಟಿ ಕುಳಿತುಕೊಳ್ಳಲು ಆಗುವುದಿಲ್ಲ. ಊಟದ ಹೊತ್ತಿನಲ್ಲಿ ಕಣ್ಣು ಫೋನಿನ ಮೇಲೆ. ನಂಟರ ಮದುವೆಗೆ ಹೋದರೂ ಚೀಲದಲ್ಲಿ ಲ್ಯಾಪ್‌ಟಾಪ್. ಪೂಜೆಯಲ್ಲಿ ಮೊಣಕಾಲೂರಿದಾಗಲೂ ಮನಸ್ಸಿನಲ್ಲಿ ಅರ್ಧಕ್ಕೆ ನಿಂತ ಲೇಖನ. ಕೆಲಸ ಬಿಟ್ಟು ಕುಳಿತರೆ ಸಂತೋಷವಾಗುವ ಬದಲು ಏನೋ ತಪ್ಪು ಮಾಡಿದಂತೆ ಕಳವಳ. ಶ್ರಮಜೀವಿಗೆ ಕೆಲಸ ಮುಗಿಸಿ ಎದ್ದು ಬರಲು ಬರುತ್ತದೆ, ಚಟಕ್ಕೆ ಬಿದ್ದವನಿಗೆ ಬರುವುದಿಲ್ಲ. ಗಂಟೆಗಳ ಲೆಕ್ಕಕ್ಕಿಂತ ಇದೇ ಸರಿಯಾದ ಪರೀಕ್ಷೆ.

ಹಾಗೆಂದು ಗಂಟೆಗಳ ಲೆಕ್ಕವೂ ನಗಣ್ಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಜೊತೆಯಾಗಿ ಮಾಡಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಹೆಚ್ಚು ಎಂದು ಅದು ಅಂದಾಜು ಮಾಡಿದೆ. 2016ರ ಒಂದೇ ವರ್ಷದಲ್ಲಿ ಹೀಗೆ ಅತಿ ದುಡಿಮೆಯ ಕಾರಣದಿಂದ ಸತ್ತವರು ಸುಮಾರು 7 ಲಕ್ಷ 45 ಸಾವಿರ ಮಂದಿ ಎಂಬುದು ಅದರ ಲೆಕ್ಕ. ದೇಹ ದೇವರು ಕೊಟ್ಟದ್ದು. ಅದನ್ನು ಬಡ್ತಿಗಾಗಿ ಒತ್ತೆ ಇಡುವ ಅಧಿಕಾರ ನಮಗಿಲ್ಲ.

ಅಂಕಗಳ ಬೆನ್ನು ಹತ್ತಿ

ವಿದ್ಯಾಲಯಗಳಲ್ಲಿ ಈ ಚಟ ಸುಲಭವಾಗಿ ಬೇರೂರಲು ಕಾರಣವಿದೆ. ಗದ್ದೆಯ ಕೆಲಸ ಕತ್ತಲಾದರೆ ನಿಲ್ಲುತ್ತದೆ. ಅಂಗಡಿಗೆ ಬಾಗಿಲು ಹಾಕುವ ಹೊತ್ತು ಇರುತ್ತದೆ. ವಿದ್ಯೆಗೆ ಬಾಗಿಲಿಲ್ಲ. ಓದಬೇಕಾದ ಪುಸ್ತಕ ಇನ್ನೊಂದು ಇದ್ದೇ ಇರುತ್ತದೆ. ಇದರ ಜೊತೆಗೆ ಅಂಕಗಳ ಲೆಕ್ಕ ಬಂದು ಸೇರಿತು. ವಿಶ್ವವಿದ್ಯಾನಿಲಯ ಅನುದಾನ ಆಯೋಗ 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ನೇಮಕ ಮತ್ತು ಬಡ್ತಿಗೆ 'ಎಪಿಐ' ಎಂಬ ಅಂಕಪದ್ಧತಿಯನ್ನು ತಂದಿತು. ಪಾಠಕ್ಕೆ ಇಷ್ಟು, ಪರೀಕ್ಷಾ ಕೆಲಸಕ್ಕೆ ಇಷ್ಟು, ಲೇಖನಕ್ಕೆ, ಪುಸ್ತಕಕ್ಕೆ, ವಿಚಾರ ಸಂಕಿರಣಕ್ಕೆ ಇಷ್ಟಿಷ್ಟು ಎಂದು ಅಂಕ. ಶಾಲೆಯ ಮಕ್ಕಳಿಗೆ ಅಂಕ ಕೊಡುತ್ತಿದ್ದ ಗುರುಗಳೇ ಅಂಕಕ್ಕಾಗಿ ಓಡತೊಡಗಿದರು.

ಫಲವೇನಾಯಿತು? ಹಣ ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಸಂಶೋಧನಾ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. 2018ರ ಮೇ ತಿಂಗಳಲ್ಲಿ ಆಯೋಗವು ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. ಅದೇ ವರ್ಷ ಜುಲೈನಲ್ಲಿ ಬಂದ ಹೊಸ ನಿಯಮಾವಳಿ ಎಪಿಐ ಪದ್ಧತಿಯನ್ನು ಕೈಬಿಟ್ಟಿತಾದರೂ, ವಿಶ್ವವಿದ್ಯಾನಿಲಯದ ಅಧ್ಯಾಪಕರಿಗೆ ಸಂಶೋಧನಾ ಅಂಕದ ಲೆಕ್ಕವನ್ನು ಉಳಿಸಿಕೊಂಡಿತು. ಎಷ್ಟು ರಾತ್ರಿಗಳ ನಿದ್ರೆ, ಎಷ್ಟು ಮಕ್ಕಳ ಜೊತೆ ಆಡಬಹುದಾಗಿದ್ದ ಎಷ್ಟು ಸಂಜೆಗಳು, ಯಾರೂ ಓದದ ಆ ಪತ್ರಿಕೆಗಳ ಪುಟಗಳಲ್ಲಿ ಹೂತುಹೋದವೋ ಯೋಚಿಸಿ.

ಬ್ರಿಟನ್ನಿನ ಭೌತವಿಜ್ಞಾನಿ ಪೀಟರ್ ಹಿಗ್ಸ್ ಅವರಿಗೆ 2013ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಪ್ರಶಸ್ತಿಗೆ ಕಾರಣವಾದ ಕೆಲಸವನ್ನು ಅವರು ಮಾಡಿದ್ದು 1964ರಲ್ಲಿ. ಆಮೇಲಿನ ಸುಮಾರು ಐವತ್ತು ವರ್ಷಗಳಲ್ಲಿ ಅವರು ಪ್ರಕಟಿಸಿದ ಸಂಶೋಧನಾ ಲೇಖನಗಳು ಹತ್ತಕ್ಕಿಂತಲೂ ಕಡಿಮೆ. ಇಂದಿನ ವಿಶ್ವವಿದ್ಯಾನಿಲಯಗಳ ಲೆಕ್ಕದಲ್ಲಿ ತಮ್ಮಂಥವರಿಗೆ ಕೆಲಸವೇ ಸಿಗಲಿಕ್ಕಿಲ್ಲ ಎಂದು ಪ್ರಶಸ್ತಿ ಸ್ವೀಕರಿಸಲು ಹೊರಟಾಗ ಅವರೇ ಹೇಳಿದರು. ನಿಧಾನವಾಗಿ ಯೋಚಿಸುವ ಬಿಡುವು ಇಲ್ಲದ ಕಡೆ ವಿದ್ಯೆಯೂ ಬೆಳೆಯದು.

ಭಯದ ಬೇರು

ಆದರೆ ಎಲ್ಲ ತಪ್ಪನ್ನೂ ಆಯೋಗದ ಮೇಲೆ ಹೊರಿಸಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಬಡ್ತಿಯ ಕೊನೆಯ ಮೆಟ್ಟಿಲು ಹತ್ತಿದವರೂ ಓಡುತ್ತಲೇ ಇರುತ್ತಾರೆ. ಏಕೆ? ಓಟ್ಸ್ ಅವರ ಬಾಲ್ಯ ಇದಕ್ಕೆ ಸ್ವಲ್ಪ ಬೆಳಕು ಚೆಲ್ಲುತ್ತದೆ. ಅವರು ಹಸುಗೂಸಾಗಿದ್ದಾಗಲೇ ತಂದೆ ಮನೆ ಬಿಟ್ಟು ಹೋಗಿದ್ದ. ತಾಯಿ ಹತ್ತಿಗಿರಣಿಯಲ್ಲಿ ದುಡಿದು ಮನೆ ನಡೆಸಿದಳು. ಅಜ್ಜಿ ಮತ್ತು ಅಕ್ಕ ಸಾಕಿದರು. ಅಂಥ ಮನೆಯ ಹುಡುಗನನ್ನು ಮೇಲೆತ್ತಿದ್ದು ದುಡಿಮೆಯೇ. ಮೇಲೆತ್ತಿದ ಕೈಯನ್ನು ಬಿಡಲು ಯಾರಿಗೆ ಧೈರ್ಯ ಬರುತ್ತದೆ?

ನಮ್ಮಲ್ಲೂ ಇಂಥವರು ಬಹಳ. ಮನೆತನದಲ್ಲೇ ಮೊದಲು ಪದವಿ ಪಡೆದವರು, ಕಾಫಿ ತೋಟದ ಕೂಲಿಯವರ ಮಕ್ಕಳು, ಊರಿನವರೆಲ್ಲ ಕೈಯೆತ್ತಿ ಓದಿಸಿದವರು. "ನಿಂತರೆ ಮತ್ತೆ ಕೆಳಗೆ ಬೀಳುತ್ತೇನೆ" ಎಂಬ ಹೆದರಿಕೆ ಅವರ ಎದೆಯಲ್ಲಿ ಸದಾ ಇರುತ್ತದೆ. ಅದನ್ನು ನಾವು ಹಗುರವಾಗಿ ಕಾಣಬಾರದು. ಆದರೆ ಆ ಹೆದರಿಕೆ ಹೇಳುವ ಮಾತು ಮಾತ್ರ ಸುಳ್ಳು. 'ನೀನು ಏನು ಮಾಡಿದ್ದೀಯೋ ಅಷ್ಟೇ ನಿನ್ನ ಬೆಲೆ' ಎಂದು ಅದು ಪಿಸುಗುಟ್ಟುತ್ತದೆ. ವಿಶ್ವಾಸ ಕಲಿಸುವುದು ಇದಕ್ಕೆ ವಿರುದ್ಧವಾದುದನ್ನು. ದೀಕ್ಷಾಸ್ನಾನ ಪಡೆಯುವ ಕೂಸು ಒಂದು ಸಾಲನ್ನೂ ಬರೆದಿರುವುದಿಲ್ಲ, ಒಂದು ಅಂಕವನ್ನೂ ಗಳಿಸಿರುವುದಿಲ್ಲ. ಆದರೂ ಅದು ದೇವರ ಮಗು. ದುಡಿಯುವ ಮೊದಲೇ ನಮಗೊಂದು ಬೆಲೆ ಇದೆ, ದುಡಿಯಲಾಗದ ಮುದಿ ವಯಸ್ಸಿನಲ್ಲೂ ಅದು ಇಳಿಯುವುದಿಲ್ಲ. ಪೋಪ್ ದ್ವಿತೀಯ ಜಾನ್ ಪಾಲ್ ಅವರು 1981ರಲ್ಲಿ ದುಡಿಮೆಯ ಕುರಿತು ಹೊರಡಿಸಿದ ವಿಶ್ವಪರಿಪತ್ರದಲ್ಲಿ, ದುಡಿಮೆ ಇರುವುದು ಮನುಷ್ಯನಿಗಾಗಿಯೇ ಹೊರತು ಮನುಷ್ಯ ದುಡಿಮೆಗಾಗಿ ಅಲ್ಲ ಎಂಬುದನ್ನು ಒತ್ತಿ ಹೇಳಿದ್ದರು.

ಅವರು ಈ ಮಾತನ್ನು ಬದುಕಿಯೂ ತೋರಿಸಿದ್ದರು. ಪೋಲೆಂಡಿನ ಲುಬ್ಲಿನ್ ವಿಶ್ವವಿದ್ಯಾನಿಲಯದಲ್ಲಿ ನೀತಿಶಾಸ್ತ್ರದ ಅಧ್ಯಾಪಕರಾಗಿದ್ದಾಗ ರಜೆ ಬಂದರೆ ವಿದ್ಯಾರ್ಥಿಗಳನ್ನೂ ಯುವ ದಂಪತಿಗಳನ್ನೂ ಕರೆದುಕೊಂಡು ಬೆಟ್ಟ ಹತ್ತಲು, ನದಿಯಲ್ಲಿ ದೋಣಿ ನಡೆಸಲು ಹೋಗುತ್ತಿದ್ದರು. 1958ರಲ್ಲಿ ಅವರನ್ನು ಸಹಾಯಕ ಧರ್ಮಾಧ್ಯಕ್ಷರನ್ನಾಗಿ ನೇಮಿಸಿದ ಸುದ್ದಿ ಬಂದದ್ದು ಅಂಥ ಒಂದು ದೋಣಿ ಪ್ರವಾಸದ ನಡುವೆಯೇ. ಕರೆ ಬಂದಾಗ ವಾರ್ಸಾಕ್ಕೆ ಹೋಗಿ ಒಪ್ಪಿಗೆ ಕೊಟ್ಟರು, ಆಮೇಲೆ ಮತ್ತೆ ಗೆಳೆಯರಿದ್ದ ಕಡೆಗೆ ದೋಣಿ ನಡೆಸಲು ಮರಳಿದರು!

ದೊಡ್ಡವರ ಮಾತೇನು?

ಇಲ್ಲಿ ಯಾರಾದರೂ ಆಕ್ಷೇಪ ಎತ್ತಬಹುದು: "ಹೀಗೆ ಬಿಡುವು ಬಿಡುವು ಎಂದರೆ ದೊಡ್ಡ ಕೆಲಸಗಳು ಆಗುವುದು ಹೇಗೆ?" ಆಕ್ಷೇಪ ನ್ಯಾಯವಾದದ್ದೇ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರನ್ನೇ ನೋಡಿ. ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿದ್ದ ಸುಮಾರು ಎರಡು ದಶಕ ಅವರು ರಜೆಯನ್ನೇ ತೆಗೆದುಕೊಳ್ಳದೆ ದಿನಕ್ಕೆ 13 ಗಂಟೆ ದುಡಿದರೆಂದೂ, ಮದುವೆಯಾದ ದಿನ ಮಧ್ಯಾಹ್ನವೇ ಗ್ರಂಥಾಲಯಕ್ಕೆ ಮರಳಿದರೆಂದೂ ಹೇಳುತ್ತಾರೆ. ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಇಲ್ಲಿ ಗ್ರಂಥಾಲಯ ಶಾಸ್ತ್ರದ ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಇಂದಿಗೂ ನಮ್ಮ ಗ್ರಂಥಾಲಯಗಳು ಅವರ ಋಣದಲ್ಲಿವೆ.

ಇಂಥವರ ತೀರ್ಪು ಹೇಳಲು ನಾವು ಯಾರು? ಆದರೆ ಎರಡು ಮಾತು ಹೇಳಬಹುದು. ಒಂದು, ಅವರ ದುಡಿಮೆಯ ಮುಖ ಓದುಗನ ಕಡೆಗಿತ್ತು. ಓದುಗನ ವೇಳೆ ಹಾಳಾಗಬಾರದೆಂಬುದು ಅವರ ಐದು ಸೂತ್ರಗಳಲ್ಲಿ ಒಂದರ ಆಶಯ. ಬೇರೆಯವರ ವೇಳೆ ಉಳಿಸಲು ದುಡಿಯುವುದು ಬೇರೆ, ತನ್ನ ಅಂಕ ಏರಿಸಲು ದುಡಿಯುವುದು ಬೇರೆ. ಎರಡು, ಅಂಥ ದುಡಿಮೆಯ ಬೆಲೆಯನ್ನು ದುಡಿಯುವವನೊಬ್ಬನೇ ತೆರುವುದಿಲ್ಲ. ಮದುವೆಯ ದಿನದ ಮಧ್ಯಾಹ್ನ ಮನೆಯಲ್ಲಿ ಉಳಿದವಳ ಪಾಲೂ ಅದರಲ್ಲಿದೆ. ರಂಗನಾಥನ್ ತಮ್ಮ ಉಳಿತಾಯದಿಂದ ಪತ್ನಿ ಶಾರದಾ ಅವರ ಹೆಸರನ್ನೂ ಸೇರಿಸಿ ದತ್ತಿ ಸ್ಥಾಪಿಸಿದರು. ನಮ್ಮಲ್ಲಿ ಎಷ್ಟು ಮಂದಿ ಪ್ರಾಧ್ಯಾಪಕರು ಮನೆಯವರ ಆ ಪಾಲನ್ನು ಲೆಕ್ಕಕ್ಕಾದರೂ ಹಿಡಿಯುತ್ತಾರೆ?

ಇನ್ನೂ ದೊಡ್ಡವರೊಬ್ಬರ ಉದಾಹರಣೆ ನಮ್ಮ ಧರ್ಮಸಭೆಯಲ್ಲಿಯೇ ಇದೆ. ಸಂತ ಥಾಮಸ್ ಅಕ್ವಿನಾಸರು ಪ್ಯಾರಿಸಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ಏಕಕಾಲಕ್ಕೆ ಹಲವು ಲಿಪಿಕಾರರಿಗೆ ಬೇರೆ ಬೇರೆ ಗ್ರಂಥಗಳನ್ನು ಹೇಳಿ ಬರೆಯಿಸುತ್ತಿದ್ದರು ಎಂಬ ಪ್ರತೀತಿ ಇದೆ. ಅಂಥವರು 1273ರ ಡಿಸೆಂಬರ್ 6ರಂದು ನೇಪಲ್ಸ್ ನಗರದಲ್ಲಿ ಬಲಿಪೂಜೆ ಅರ್ಪಿಸಿದ ಮೇಲೆ ಬರೆಯುವುದನ್ನು ನಿಲ್ಲಿಸಿಬಿಟ್ಟರು. ತಾವು ಕಂಡದ್ದರ ಮುಂದೆ ಬರೆದದ್ದೆಲ್ಲ ಒಣಹುಲ್ಲಿನಂತೆ ತೋರುತ್ತದೆ ಎಂದು, ಮುಂದುವರಿಸಿ ಎಂದು ಒತ್ತಾಯಿಸಿದ ಜೊತೆಗಾರನಿಗೆ ಹೇಳಿದರಂತೆ. ಮೂರು ತಿಂಗಳಲ್ಲಿ ತೀರಿಕೊಂಡರು. ಅದು ದೈವಾನುಭವವೆಂದು ಪರಂಪರೆ ನಂಬಿದೆ. ಅತಿ ಶ್ರಮದಿಂದ ದೇಹ ಕುಸಿದದ್ದೂ ಇರಬಹುದೆಂದು ಕೆಲವು ಚರಿತ್ರಕಾರರು ಹೇಳುತ್ತಾರೆ. ಎರಡೂ ನಿಜವಿರಬಹುದು. ಅವರ ಮಹಾಗ್ರಂಥ 'ಸುಮ್ಮಾ ಥಿಯೊಲೊಜಿಯೆ' ಅಪೂರ್ಣವಾಗಿಯೇ ಉಳಿಯಿತು. ಅದರಿಂದ ಧರ್ಮಸಭೆ ಅವರನ್ನು ಕಡೆಗಣಿಸಲಿಲ್ಲ. 1880ರಲ್ಲಿ ಪೋಪ್ ಹದಿಮೂರನೆಯ ಲಿಯೊ ಅವರನ್ನು ಕಥೋಲಿಕ ವಿದ್ಯಾಲಯಗಳ ಪಾಲಕ ಸಂತರನ್ನಾಗಿ ಘೋಷಿಸಿದರು. ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋದ ಒಬ್ಬ ಪ್ರಾಧ್ಯಾಪಕರೇ ನಮ್ಮ ಎಲ್ಲ ಪ್ರಾಧ್ಯಾಪಕರ ಪಾಲಕರು!

ಇದೇ ಸಂತರು ಸೋಮಾರಿತನದ ಬಗ್ಗೆ ಹೇಳಿದ ಒಂದು ವಿಚಾರ ನಮ್ಮನ್ನು ಬೆರಗುಗೊಳಿಸುತ್ತದೆ. ಆತ್ಮದ ಸೋಮಾರಿತನ ಎಂಬ ಮೂಲ ಪಾಪವು ಸಬ್ಬತ್ತನ್ನು ಪವಿತ್ರವಾಗಿ ಆಚರಿಸಬೇಕೆಂಬ ಕಟ್ಟಳೆಗೆ ವಿರುದ್ಧವಾದದ್ದು, ಏಕೆಂದರೆ ಆ ಕಟ್ಟಳೆ ಮನಸ್ಸು ದೇವರಲ್ಲಿ ನೆಲೆಗೊಳ್ಳಬೇಕೆಂದು ಕೇಳುತ್ತದೆ ಎಂದು ಅವರು ವಿವರಿಸಿದರು. ಜರ್ಮನಿಯ ಕಥೋಲಿಕ ತತ್ವಜ್ಞಾನಿ ಯೋಸೆಫ್ ಪೀಪರ್ 1948ರಲ್ಲಿ ಬಿಡುವಿನ ಕುರಿತು ಬರೆದ ಪುಸ್ತಕದಲ್ಲಿ ಈ ವಿಚಾರವನ್ನು ಮುಂದುವರಿಸಿ, ಬಿಡುವಿಲ್ಲದ ದುಡಿಮೆಯೂ ಆ ಸೋಮಾರಿತನದ ಇನ್ನೊಂದು ಮುಖವಾಗಬಲ್ಲದು ಎಂದು ತೋರಿಸಿದರು. ಗ್ರೀಕರು ಬಿಡುವಿಗೆ ಬಳಸುತ್ತಿದ್ದ 'ಸ್ಖೊಲೆ' ಎಂಬ ಪದದಿಂದಲೇ 'ಸ್ಕೂಲ್' ಹುಟ್ಟಿತು ಎಂಬುದನ್ನೂ ಅವರು ನೆನಪಿಸಿದರು. ಬಿಡುವಿನಿಂದ ಹುಟ್ಟಿದ ಮನೆಯಲ್ಲಿ ಇಂದು ಬಿಡುವೇ ಇಲ್ಲವಾಗಿದೆ.

ಮಾರಯ್ಯನ ಅಕ್ಕಿ, ಮರಳುಗಾಡಿನ ಮನ್ನಾ

ಕನ್ನಡ ನಾಡಿನಲ್ಲಿ ದುಡಿಮೆಯನ್ನು ಹೊಗಳುವಾಗಲೆಲ್ಲ ನಾವು ಶರಣರ ಕಾಯಕವನ್ನು ನೆನೆಯುತ್ತೇವೆ. ಆದರೆ ಅದೇ ಶರಣರ ನಡುವಿನ ಒಂದು ಕಥೆಯನ್ನು ಮರೆಯುತ್ತೇವೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಮಾಡುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟು ಅಕ್ಕಿಯ ಆಸೆ ನಮಗೇಕೆ ಎಂದು ತಿದ್ದಿ, ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳಿಸಿದಳು. ಆತ ಹೋದ. ಕಾಯಕಕ್ಕೂ ಒಂದು ಮಿತಿ ಇದೆ ಎಂಬುದನ್ನು ಲಕ್ಕಮ್ಮ ಬಲ್ಲವಳಾಗಿದ್ದಳು.

ಬೈಬಲಿನ ವಿಮೋಚನಾಕಾಂಡದಲ್ಲಿಯೂ ಇಂಥದೇ ಪಾಠವಿದೆ. ಮರಳುಗಾಡಿನಲ್ಲಿ ಇಸ್ರಯೇಲರಿಗೆ ದಿನದಿನದ ಮನ್ನಾ ಸಿಗುತ್ತಿತ್ತು. ನಾಳೆಗಿರಲಿ ಎಂದು ಕೂಡಿಟ್ಟವರ ಮನ್ನಾ ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾರಿತು. ಆದರೆ ಆರನೆಯ ದಿನ ಎರಡು ಪಾಲು ಸಿಕ್ಕಿತು, ಏಳನೆಯ ದಿನಕ್ಕೆಂದು ಇಟ್ಟದ್ದು ಕೆಡಲಿಲ್ಲ. ಈಜಿಪ್ಟಿನಲ್ಲಿ ಗುಲಾಮರಾಗಿದ್ದವರಿಗೆ ದೇವರು ಕಲಿಸಿದ ಮೊದಲ ಪಾಠಗಳಲ್ಲೊಂದು, ಕೆಲಸ ಬಿಟ್ಟು ಕುಳಿತುಕೊಳ್ಳುವುದು. ಗುಲಾಮನಿಗೆ ರಜೆಯಿಲ್ಲ, ಮಕ್ಕಳಿಗೆ ಉಂಟು.

ಮಾರ್ತಳ ಕಥೆಯನ್ನೂ ಈ ಬೆಳಕಿನಲ್ಲಿ ಓದಬೇಕು. ಯೇಸುಸ್ವಾಮಿ ಆಕೆಯ ಅಡುಗೆಯನ್ನು ಹಳಿಯಲಿಲ್ಲ, ಆಕೆಯ ಕಳವಳವನ್ನು ತಿದ್ದಿದರು. ಪೋಪ್ ಫ್ರಾನ್ಸಿಸ್ ಅವರು 2014ರ ಡಿಸೆಂಬರ್‌ನಲ್ಲಿ ವ್ಯಾಟಿಕನ್ನಿನ ಅಧಿಕಾರಿಗಳಿಗೇ ಹದಿನೈದು ಆತ್ಮರೋಗಗಳ ಪಟ್ಟಿ ಕೊಟ್ಟಾಗ, ಅತಿಯಾದ ಕಾರ್ಯಮಗ್ನತೆಗೆ ಮಾರ್ತಳ ಹೆಸರನ್ನೇ ಇಟ್ಟಿದ್ದರು. ಧರ್ಮದ ಕೆಲಸವೂ ಚಟವಾಗಬಹುದು ಎಂದಾದ ಮೇಲೆ ವಿದ್ಯೆಯ ಕೆಲಸದ ಮಾತೇನು?

ಮನೆಯಲ್ಲಿ, ಕಾಲೇಜಿನಲ್ಲಿ

ಹಾಗಾದರೆ ಏನು ಮಾಡಬೇಕು? ದೊಡ್ಡ ಪ್ರತಿಜ್ಞೆಗಳು ಬೇಡ. ಅಧ್ಯಾಪಕರಾಗಿರುವವರು ಭಾನುವಾರ ಪೂಜೆಯಿಂದ ಬಂದ ಮೇಲೆ ಲ್ಯಾಪ್‌ಟಾಪನ್ನು ಕಪಾಟಿನೊಳಗಿಟ್ಟು ಸೋಮವಾರದವರೆಗೆ ತೆಗೆಯದಿರಲಿ. ಮೊದಲ ಕೆಲವು ವಾರ ಕೈ ತುರಿಸುತ್ತದೆ. ಆ ತುರಿಕೆಯೇ ಕಾಯಿಲೆಯ ಗುರುತು. ಬಿಡುವಿನಲ್ಲಿ ಮನಸ್ಸು ಸೋಮವಾರಕ್ಕೆ ಚುರುಕಾಗಲಿ ಎಂದು ಲೆಕ್ಕ ಹಾಕುವುದೂ ಬೇಡ. ಮಗುವಿನ ಜೊತೆ ಆಡುವುದು ಮಗುವಿಗಾಗಿ, ಪ್ರಾರ್ಥಿಸುವುದು ದೇವರಿಗಾಗಿ. ನಿದ್ರೆ ಬಾರದಷ್ಟು, ಎದೆ ಬಡಿದುಕೊಳ್ಳುವಷ್ಟು ಆತಂಕವಿದ್ದರೆ ವೈದ್ಯರನ್ನು ಕಾಣಲು ನಾಚಿಕೆ ಬೇಡ.

ಅಧ್ಯಾಪಕಿಯರ ವಿಷಯದಲ್ಲಿ ಇನ್ನೊಂದು ಮಾತು. ಕಾಲೇಜಿನ ಕೆಲಸ ಮುಗಿಸಿ ಬಂದವಳಿಗೆ ಅಡುಗೆಮನೆಯ ಕೆಲಸ ಕಾದಿರುತ್ತದೆ. ಭಾನುವಾರವೆಂದರೆ ಗಂಡನಿಗೆ ವಿಶ್ರಾಂತಿ, ಹೆಂಡತಿಗೆ ಕೋಳಿಸಾರು ಮಾಡುವ ದಿನ ಎಂದಾದರೆ ಸಬ್ಬತ್ತಿನ ಕಟ್ಟಳೆಯನ್ನು ನಾವು ಅರ್ಧವಷ್ಟೇ ಪಾಲಿಸಿದಂತೆ. ಆ ಕಟ್ಟಳೆ ಮನೆಯ ಆಳುಗಳಿಗೂ ದನಕರುಗಳಿಗೂ ಬಿಡುವು ಕೊಡಬೇಕೆನ್ನುತ್ತದೆ. ಮನೆಯೊಡತಿಗೆ ಬೇಡವೇ?

ನಮ್ಮ ಧರ್ಮಸಭೆ ಈ ನಾಡಿನಲ್ಲಿ ಬಹುಕಾಲದಿಂದ ಕಾಲೇಜುಗಳನ್ನು ನಡೆಸುತ್ತಾ ಬಂದಿದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ, ಬೆಂಗಳೂರಿನ ಸಂತ ಜೋಸೆಫರ ಕಾಲೇಜು 1882ರಲ್ಲಿ ಆರಂಭವಾದವು. ಆದ್ದರಿಂದ ಈ ಪ್ರಶ್ನೆ ಆಡಳಿತ ನಡೆಸುವ ಕಥೋಲಿಕರಿಗೂ ಸೇರಿದ್ದು. ವಿಭಾಗದ ಮುಖ್ಯಸ್ಥರು ಭಾನುವಾರ ವಾಟ್ಸಾಪಿನಲ್ಲಿ ಆದೇಶ ಕಳಿಸದಿರುವುದು, ನ್ಯಾಕ್ ತಂಡ ಬರುತ್ತದೆಂದು ತಿಂಗಳುಗಟ್ಟಲೆ ರಾತ್ರಿಯವರೆಗೆ ಕೂರಿಸದಿರುವುದು, ಮನೆಗೆ ಹೊತ್ತಿಗೆ ಸರಿಯಾಗಿ ಹೋಗುವ ಒಳ್ಳೆಯ ಅಧ್ಯಾಪಕನನ್ನು ಮೈಗಳ್ಳನೆಂದು ಭಾವಿಸದಿರುವುದು, ಇವೆಲ್ಲ ಪ್ರೀತಿಯ ಕಟ್ಟಳೆಯ ಭಾಗವೇ. ದಣಿದ ಗುರುವಿನ ಮುಂದೆ ಕುಳಿತ ವಿದ್ಯಾರ್ಥಿಗೆ ಪಾಠ ಸಿಗಬಹುದು, ಗುರು ಸಿಗುವುದಿಲ್ಲ.

ಮನೆಯವರಿಗೂ ಒಂದು ಕರ್ತವ್ಯವಿದೆ. ಬಿಡುವಿಲ್ಲದ ಮಗನನ್ನು, ಗಂಡನನ್ನು, ಮಗಳನ್ನು ಹೊಗಳಿ ಹೊಗಳಿ ಇನ್ನಷ್ಟು ಓಡಿಸುವುದನ್ನು ಬಿಡೋಣ. "ಇವತ್ತಿಗೆ ಇಷ್ಟು ಸಾಕು" ಎಂದು ಪ್ರೀತಿಯಿಂದ ಹೇಳುವ ಲಕ್ಕಮ್ಮ ಪ್ರತಿ ಮನೆಯಲ್ಲಿ ಒಬ್ಬರಿರಲಿ. ಹೇಳಿದಾಗ ಕೇಳುವ ಮನಸ್ಸನ್ನು ದೇವರು ನಮ್ಮ ವಿದ್ವಾಂಸರಿಗೆ ಕೊಡಲಿ.